ನ್ಯೂಟ್ ಶಿಶುಪಾಲನ ಮೀಮಾಂಸೆ

ಪೀಠಿಕಾ ಪ್ರಕರಣ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಹೇಳದೆ ಒಂದು ಹೆಜ್ಜೆಯೂ ಮುಂದೆ ಇಡುವಂತಿಲ್ಲ. ವಿಷಯ: ಕೆಂಪು ಹೊಟ್ಟೆಯ ಜಪಾನಿ ನ್ಯೂಟ್‌ನ ಮರಿಯನ್ನು ಸಾಕುವ, ಮುಖ್ಯವಾಗಿ ಅದಕ್ಕೆ ಉಣಿಸುವ ಕ್ರಮ. ಪ್ರಯೋಜನ: ಮರಿ ಬದುಕುವುದು. ಅಧಿಕಾರಿ: ಎರೆಹುಳುವನ್ನು ಕಂಡು ಮುಖ ಸಿಂಡರಿಸದವನು, ಮನೆಯ ಫ್ರಿಜ್ಜಿನಲ್ಲಿ ಹುಳುವಿನ ಪೊಟ್ಟಣ ಇಡಲು ಮನೆಯವರ ಅಪ್ಪಣೆ ಪಡೆದವನು. ಸಂಬಂಧ: ಗ್ರಂಥಕ್ಕೂ ಮರಿಗೂ ಯಾವ ಸಂಬಂಧವೂ ಇಲ್ಲ, ಮರಿ ಓದುವುದಿಲ್ಲ.

ಇನ್ನು ಲಕ್ಷಣ. ‘ನಾಲ್ಕು ಕಾಲು, ಒಂದು ಬಾಲ ಉಳ್ಳದ್ದು ನ್ಯೂಟ್’ ಎಂದರೆ ಹಸುವಿನಲ್ಲಿ ಅತಿವ್ಯಾಪ್ತಿ. ‘ನೀರಿನಲ್ಲಿರುವುದು ನ್ಯೂಟ್’ ಎಂದರೆ ನೆಲದ ಮೇಲೆ ಓಡಾಡುವ ಎಳೆಯ ನ್ಯೂಟ್‌ನಲ್ಲಿ ಅವ್ಯಾಪ್ತಿ, ಎಮ್ಮೆಯಲ್ಲಿ ಅತಿವ್ಯಾಪ್ತಿ. ಆದ್ದರಿಂದ ದೊಡ್ಡದಾದ ಮೇಲೂ ಬಾಲ ಕಳೆದುಕೊಳ್ಳದ, ಮೈಮೇಲೆ ಹುರುಪೆಯಿಲ್ಲದ, ಕಪ್ಪೆಗೆ ನೆಂಟನಾಗಿಯೂ ಹಲ್ಲಿಯ ಆಕಾರ ತಳೆದು ಜನರನ್ನು ದಾರಿ ತಪ್ಪಿಸುವ ಉಭಯಚರವೇ ನ್ಯೂಟ್ ಎಂದು ಸಿದ್ಧಾಂತ. ಹೊನ್ಶು, ಶಿಕೊಕು, ಕ್ಯೂಶು ದ್ವೀಪಗಳ ಭತ್ತದ ಗದ್ದೆ, ಕೆರೆ, ಕಾಲುವೆಗಳು ಇದರ ತವರು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ‘ಸ್ವಾಮಿ, ನಮ್ಮ ಪಶ್ಚಿಮಘಟ್ಟದಲ್ಲಿ ಕಪ್ಪೆಗಳಿಗೆ ಬರವಿಲ್ಲ, ಕಾಲೇ ಇಲ್ಲದ ಸಿಸಿಲಿಯನ್‌ಗಳೂ ಇವೆ, ನ್ಯೂಟ್ ಮಾತ್ರ ಒಂದೂ ಇಲ್ಲ. ಕನ್ನಡದಲ್ಲಿ ಈ ಗ್ರಂಥ ಯಾಕೆ?’ ಸಮಾಧಾನ: ಪರೀಕ್ಷಿಸಿ ನೋಡುವವರು ಸುತ್ತಮುತ್ತ ಇಲ್ಲದಿದ್ದಾಗಲೇ ಪಾಂಡಿತ್ಯ ನಿಷ್ಕಂಟಕವಾಗಿ ಬೆಳೆಯುವುದು. ‘ಹಾಗಾದರೆ ಡಾರ್ಜಿಲಿಂಗಿನ ಹಿಮಾಲಯನ್ ನ್ಯೂಟ್?’ ಎಂದರೆ, ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಅದನ್ನು ಮನೆಯಲ್ಲಿ ಸಾಕುವ ಪ್ರಕರಣ ಈ ಗ್ರಂಥದಲ್ಲಿ ಬರುವುದಿಲ್ಲ, ನ್ಯಾಯಾಲಯದಲ್ಲಿ ಬರುತ್ತದೆ.

ಜಲ ಪ್ರಕರಣ

ಸೂತ್ರ 1: ನೀರು ತಂಪು, ನಿಶ್ಚಲ, ನಿಷ್ಕ್ಲೋರಿನ್.

ಭಾಷ್ಯ: ತಂಪೆಂದರೆ 16ರಿಂದ 20 ಡಿಗ್ರಿ ಸೆಲ್ಸಿಯಸ್. ಬಿಸಿಲು ಬೀಳುವ ಕಿಟಕಿಯ ಬಳಿ ತೊಟ್ಟಿ ಇಟ್ಟು ‘ಮರಿಗೆ ಚಳಿಯಾದೀತು’ ಎಂದು ಮರುಗುವುದು ವಾತ್ಸಲ್ಯವಲ್ಲ, ಅಡುಗೆ. ನಿಶ್ಚಲವೆಂದರೆ, ಫಿಲ್ಟರ್ ಇದ್ದರೂ ಅದರ ಸೆಳೆತ ಮರಿಯನ್ನು ಎಳೆದಾಡಬಾರದು. ಕತ್ತಿನ ಎರಡೂ ಬದಿ ಗರಿಯಂತೆ ಹರಡಿದ ಕಿವಿರುಗಳಿಂದ ಉಸಿರಾಡುವ ಜೀವಕ್ಕೆ ಪ್ರವಾಹ ಹಿಡಿಸದು. ನಲ್ಲಿಯ ನೀರಿನ ಕ್ಲೋರಿನ್ ತೆಗೆದು ಬಳಸಬೇಕು.

ತಾಯಿ ನ್ಯೂಟ್ ಒಂದೊಂದೇ ಮೊಟ್ಟೆಯನ್ನು ನೀರುಗಿಡದ ಎಲೆಗೆ ಅಂಟಿಸಿ, ಹಿಂಗಾಲಿನಿಂದ ಎಲೆ ಮಡಿಸಿ ಮುಚ್ಚುತ್ತದೆ. ಇಂಥ ಕುಸುರಿಯ ಬಾಣಂತನವನ್ನು ಕಂಡು ಕಣ್ಣು ಒದ್ದೆ ಮಾಡಿಕೊಳ್ಳುವ ಮೊದಲು ಮೊಟ್ಟೆಗಳನ್ನು ಬೇರೆ ಪಾತ್ರೆಗೆ ಸಾಗಿಸಬೇಕು. ಮಡಿಸದೆ ಉಳಿದದ್ದನ್ನು ಅದೇ ತಾಯಿ ತಿಂದುಬಿಡುವುದುಂಟು.

ಆಹಾರ ಪ್ರಕರಣ

ಸೂತ್ರ 2: ಅಲುಗಿದರೆ ಅನ್ನ.

ಭಾಷ್ಯ: ಮಡಿವಂತ ಪೂರ್ವಪಕ್ಷಿಯ ಮೊದಲ ಆಕ್ಷೇಪ: ‘ಕಪ್ಪೆಯ ಗೊದಮೊಟ್ಟೆಗಳು ಪಾಚಿ ಕೆರೆದು, ಬೇಯಿಸಿದ ಸೊಪ್ಪು ತಿಂದು ಸಾತ್ವಿಕವಾಗಿ ಬೆಳೆಯುತ್ತವೆ. ನ್ಯೂಟ್ ಮರಿಗೂ ಅದೇ ಸಂಸ್ಕಾರ ಕೊಡಬಾರದೇಕೆ?’ ಕೊಡಬಹುದು, ಮರಿ ತೆಗೆದುಕೊಳ್ಳುವುದಿಲ್ಲ. ಮೊಟ್ಟೆಯೊಡೆದು ಬಂದ ಒಂದೆರಡು ದಿನ ಹೊಟ್ಟೆಯೊಳಗಿನ ಹಳದಿ ಭಂಡಾರದಲ್ಲೇ ಕಳೆಯುವ ಈ ಜೀವ, ಬಾಯಿ ತೆರೆದ ಮೊದಲ ಗಳಿಗೆಯಿಂದಲೇ ಬೇಟೆಗಾರ. ಪಾಲಕ್ ಸೊಪ್ಪನ್ನು ಅದು ಅಡಗಿ ಕೂರುವ ಪೊದೆಯೆಂದು ತಿಳಿದೀತು.

ಮೊದಲ ತುತ್ತು ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸೀಗಡಿಯ ಆಗಷ್ಟೇ ಹುಟ್ಟಿದ ಮರಿ. ಇದರ ಒಣ ಮೊಟ್ಟೆಯನ್ನು ಉಪ್ಪುನೀರಿಗೆ ಹಾಕಿ ಗಾಳಿಯಾಡಿಸಿದರೆ ಒಂದೂವರೆ ದಿನದೊಳಗೆ ಕಿತ್ತಳೆ ಬಣ್ಣದ ಚುಕ್ಕೆಗಳು ಕುಣಿಯತೊಡಗುತ್ತವೆ. ವಿಧಿಯ ವಿಡಂಬನೆ ನೋಡಿ: ತಿನ್ನುವವನಿಗೆ ತಂಪು ಬೇಕು, ತಿನ್ನಿಸಿಕೊಳ್ಳುವವನಿಗೆ 25 ಡಿಗ್ರಿ ಮೀರಿದ ಬೆಚ್ಚಗೆ ಬೇಕು. ಹೀಗಾಗಿ ಒಂದೇ ಮನೆಯಲ್ಲಿ ಎರಡು ಹವಾಮಾನಗಳನ್ನು ನಡೆಸಬೇಕಾದ ಸಾಕುವವನು ಎರಡು ಸಂಸಾರದವನ ಕಳವಳವನ್ನು ಅನುಭವಿಸುತ್ತಾನೆ. ಮರಿ ಬಲಿತಂತೆ ಡಾಫ್ನಿಯಾ ಎಂಬ ನೀರುಚಿಗಟ, ಸೊಳ್ಳೆಮರಿ, ಆಮೇಲೆ ಸಣ್ಣಗೆ ಕತ್ತರಿಸಿದ ಎರೆಹುಳು.

ಈಗ ಮಹಾವಿವಾದ. ಮರಿ ಅನ್ನವನ್ನು ಯಾವ ಪ್ರಮಾಣದಿಂದ ಅರಿಯುತ್ತದೆ? ಚಲನೆಯೊಂದೇ ಪ್ರಮಾಣ, ಅಲುಗದ ಹುಳು ಮರಿಯ ಪಾಲಿಗೆ ಇಲ್ಲವೇ ಇಲ್ಲ ಎಂದು ಸ್ಪಂದವಾದಿಗಳು. ಹಾಗಲ್ಲ, ನೀರಿನಲ್ಲಿರುವ ದೊಡ್ಡ ನ್ಯೂಟ್ ಸತ್ತ ಹುಳುವನ್ನೂ ಮೂಸಿ ಹುಡುಕಿ ತಿನ್ನುತ್ತದೆ, ಆದ್ದರಿಂದ ವಾಸನೆಯೇ ಪರಮ ಪ್ರಮಾಣ ಎಂದು ಗಂಧವಾದಿಗಳು. ಸ್ಪಂದವಾದಿಗಳು ‘ಅದು ದೊಡ್ಡದರ ಮಾತಾಯಿತು, ಮರಿಯದ್ದಲ್ಲ’ ಎನ್ನುತ್ತಾರೆ. ಗಂಧವಾದಿಗಳು ಟೀಕೆಗೊಂದು ಟಿಪ್ಪಣಿ ಬರೆಯುತ್ತಾರೆ. ಎರಡೂ ಪಕ್ಷ ಸುಸ್ತಾಗಿ ಕಾಫಿಗೆ ಏಳುವ ಹೊತ್ತಿಗೆ, ತೊಟ್ಟಿಯ ತಳದಲ್ಲಿ ಯಾರೂ ತಿನ್ನದೆ ಉಳಿದ ಹುಳು ಕೊಳೆತು, ಅಮೋನಿಯ ಏರಿ, ವಾದದ ವಿಷಯವೇ ಸಾಯುವ ಸ್ಥಿತಿಗೆ ಬಂದಿರುತ್ತದೆ. ಉಳಿದ ತುಣುಕನ್ನು ಡ್ರಾಪರಿನಿಂದ ಹೀರಿ ತೆಗೆದು, ಸ್ವಲ್ಪ ನೀರು ಬದಲಿಸುವವನು ಎರಡೂ ಮತಗಳಿಗೆ ಸೇರದ ಮನೆಯ ಹುಡುಗ.

ಆಶ್ರಮ ಪ್ರಕರಣ

ಸೂತ್ರ 3: ವಾನಪ್ರಸ್ಥ ಮೊದಲು, ಗೃಹಸ್ಥ ಆಮೇಲೆ.

ಭಾಷ್ಯ: ಕಪ್ಪೆಮರಿಗೆ ಹಿಂಗಾಲು ಮೊದಲು ಮೂಡಿದರೆ ನ್ಯೂಟ್‌ಗೆ ಮುಂಗಾಲು ಮೊದಲು. ಕ್ರಮ ತಪ್ಪಿಸುವ ಈ ಚಾಳಿ ಆಶ್ರಮಧರ್ಮಕ್ಕೂ ಹಬ್ಬಿದೆ. ನೀರಿನೊಳಗಿನ ಬ್ರಹ್ಮಚರ್ಯ ಮುಗಿಯುತ್ತಲೇ ಕಿವಿರು ಕರಗುತ್ತದೆ, ಮರಿ ನೀರು ಬಿಟ್ಟು ತೇವದ ನೆಲಕ್ಕೆ, ಪಾಚಿ ತರಗೆಲೆಗಳ ಅರಣ್ಯಕ್ಕೆ ನಡೆಯುತ್ತದೆ. ಕೆಲವು ವರ್ಷ ಅಲ್ಲಿ ತಪಸ್ಸು. ಮೈ ಬಲಿತ ಮೇಲೆ ಮತ್ತೆ ನೀರಿಗೆ ಮರಳಿ ಸಂಸಾರ ಹೂಡುತ್ತದೆ. ಸಂನ್ಯಾಸದ ಪ್ರಸ್ತಾಪವೇ ಇಲ್ಲ.

ಕಿವಿರು ಕುಗ್ಗುವ ದಿನಗಳಲ್ಲಿ ಹತ್ತಿ ಕೂರಲು ನೆಲವಿಲ್ಲದಿದ್ದರೆ, ಅಲ್ಲಿಯವರೆಗೆ ನೀರಲ್ಲೇ ಬೆಳೆದ ಮರಿ ನೀರಲ್ಲೇ ಮುಳುಗಿ ಸಾಯಬಹುದು. ವಾನಪ್ರಸ್ಥಿಯ ಆಹಾರ ರೆಕ್ಕೆಯಿಲ್ಲದ ಹಣ್ಣುನೊಣ, ಪುಟಾಣಿ ಜೀರುಂಡೆ, ಎರೆಹುಳುವಿನ ಚೂರು. ಚಿಮುಟದ ತುದಿಯಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಅಲುಗಿಸಬೇಕು. ಇಲ್ಲಿ ಸ್ಪಂದವಾದಿಗಳಿಗೆ ಜಯ. ತೊಟ್ಟಿಗೆ ಬಿಗಿಯಾದ ಮುಚ್ಚಳ ಕಡ್ಡಾಯ: ಒದ್ದೆ ಹೊಟ್ಟೆಯನ್ನು ಗಾಜಿಗೆ ಒತ್ತಿ ಲಂಬ ಗೋಡೆಯನ್ನೇರಿ ಹೋಗುವ ವಿರಕ್ತನನ್ನು ಸೋಫಾದ ಅಡಿಯಲ್ಲಿ ಹುಡುಕುವುದು ಕಷ್ಟ.

ಅಂಗಭಂಗ ಪ್ರಕರಣ

ಸೂತ್ರ 4: ಹೋದ ಕಾಲು ಬಂದೀತು, ಹೋದ ತಮ್ಮ ಬಾರ.

ಭಾಷ್ಯ: ‘ಅಲುಗಿದರೆ ಅನ್ನ’ ಎಂಬ ಸೂತ್ರಕ್ಕೆ ಒಡಹುಟ್ಟಿದವರೂ ಹೊರತಲ್ಲ. ಹಸಿದ ಅಣ್ಣ ತಮ್ಮನ ಕಾಲು ಕಚ್ಚುತ್ತಾನೆ. ಕಾಲು ಮತ್ತೆ ಬೆಳೆಯುತ್ತದೆ, ಆದ್ದರಿಂದ ಈ ಕುಲದಲ್ಲಿ ದಾಯಾದಿ ಕಲಹಕ್ಕೆ ದಾಖಲೆ ಉಳಿಯುವುದಿಲ್ಲ. ನ್ಯೂಟ್ ಸೇರಿರುವ ಸಲಮಾಂಡರ್ ಜಾತಿಯ ಈ ಸಿದ್ಧಿಯನ್ನು ಇಟಲಿಯ ವಿಜ್ಞಾನಿ ಲಾಜರೋ ಸ್ಪಲಾಂಜಾನಿ 1768ರಲ್ಲೇ ಬರೆದಿಟ್ಟ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಪಾನಿ ನ್ಯೂಟ್‌ಗಳ ಕಣ್ಣಿನ ಮಸೂರವನ್ನು 16 ವರ್ಷಗಳಲ್ಲಿ 18 ಬಾರಿ ತೆಗೆದರು. 18 ಬಾರಿಯೂ ಹೊಸತು ಬೆಳೆಯಿತು, ಕೊನೆಯದ್ದೂ ಒಮ್ಮೆಯೂ ಮಸೂರ ಕಳೆದುಕೊಳ್ಳದ ದೊಡ್ಡ ನ್ಯೂಟ್‌ನ ಮಸೂರದಷ್ಟೇ ಚೆನ್ನಾಗಿತ್ತು. ಅಷ್ಟು ಹೊತ್ತಿಗೆ ಕನಿಷ್ಠ ಮೂವತ್ತು ವರ್ಷ ತುಂಬಿದ್ದ ಪ್ರಾಣಿಗಳವು. ಪ್ರತಿ ಸಲ ಕಣ್ಣು ಬಿಟ್ಟಾಗ ಎದುರಿಗೆ ಅದೇ ಸಂಶೋಧಕರನ್ನು ಕಂಡ ಅವುಗಳ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ.

ಈ ಸಿದ್ಧಿಯನ್ನು ನೆಚ್ಚಿ ಮರಿಗಳನ್ನು ಉಪವಾಸ ಕೆಡವಬಾರದು. ಗಾತ್ರ ನೋಡಿ ಬೇರೆ ಬೇರೆ ಇಟ್ಟು, ಹೊಟ್ಟೆ ತುಂಬ ಹಾಕಿದರೆ ಭ್ರಾತೃಪ್ರೇಮ ತಾನಾಗಿ ನೆಲೆಸುತ್ತದೆ.

ಸ್ಪರ್ಶ ಪ್ರಕರಣ

ಸೂತ್ರ 5: ಮುಟ್ಟಬೇಡ, ಮುಟ್ಟಿದರೆ ಕೈ ತೊಳೆ.

ಭಾಷ್ಯ: ಫುಗು ಮೀನಿನಲ್ಲಿರುವ ಟೆಟ್ರೊಡೊಟಾಕ್ಸಿನ್ ವಿಷವೇ ಈ ನ್ಯೂಟ್‌ನಲ್ಲೂ ಇದೆ. ಕೆಂಪು ಹೊಟ್ಟೆ ಅದರ ಫಲಕ. ಇಷ್ಟಾಗಿಯೂ ಹಿಂದೆ ಜಪಾನಿನಲ್ಲಿ ನ್ಯೂಟ್ ಸುಟ್ಟು ಕರಿ ಮಾಡಿದ ಪುಡಿಯನ್ನು ವಶೀಕರಣದ ಮದ್ದೆಂದು ಮಾರುತ್ತಿದ್ದರು. ಪ್ರೇಮಿಗಳು ಫಲಕ ಓದುವವರಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ನಿತ್ಯ ಪಠಿಸುವವರಿಗೆ ಸೊಳ್ಳೆಮರಿ ಕಂಡರೆ ಸಿಟ್ಟು ಬಾರದು. ಅರ್ಧ ಓದಿದವರು ವಿಮರ್ಶೆ ಬರೆಯುವರು. ಪೂರ್ತಿ ಓದಿದವರಿಗೆ ಪಿಎಚ್.ಡಿ. ಪ್ರಾಪ್ತಿ. ಇದನ್ನು ಓದದೆ, ನೀರು ತಂಪಾಗಿಟ್ಟು, ಮುಚ್ಚಳ ಹಾಕಿ, ಹೊತ್ತಿಗೆ ಸರಿಯಾಗಿ ಹುಳು ಹಾಕಿದವರ ನ್ಯೂಟ್ ಇಪ್ಪತ್ತು ವರ್ಷ ಬದುಕುವುದು.