‘ಬಾಗಿಲು ಹಾಕಿತ್ತು’ ಎಂದವರೊಡನೆ ಮಾತುಕತೆ

ಸಾಗರದ ಚಿಕ್ಕಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಚೆನ್ನೈನ ಪುರಸೈವಾಕ್ಕಂನಲ್ಲಿರುವ ನಮ್ಮ ಮನೆಗೆ ಬರಬೇಕಿತ್ತು. ಒಂಬತ್ತು ದಿನ ಬಂದದ್ದು ಬರೀ ಮೆಸೇಜು. ಕೊನೆಗೆ ಟ್ರ್ಯಾಕಿಂಗ್ ಸ್ಟೇಟಸ್ಸನ್ನೇ ಮಾತಿಗೆಳೆದೆ.

ನಿನ್ನೆ ‘ಡೋರ್ ಲಾಕ್ಡ್’ ಅಂದಿರಿ. ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆನಲ್ಲ!

ನನಗೆ ಕಣ್ಣಿಲ್ಲ ಸಾರ್. ಹೊತ್ತು ಮುಳುಗಿದರೂ ಡೆಲಿವರಿ ಹುಡುಗನ ಚೀಲದಲ್ಲಿ ಪಾರ್ಸಲ್ ಉಳಿದಿದ್ದರೆ ಆ್ಯಪ್ ಕಾರಣ ಕೇಳುತ್ತದೆ. ಬಾಗಿಲು ಹಾಕಿತ್ತು, ವಿಳಾಸ ಸರಿಯಿಲ್ಲ, ಫೋನ್ ಎತ್ತಲಿಲ್ಲ ಅಂತೆಲ್ಲ ಪಟ್ಟಿ ಇರುತ್ತದೆ. ‘ಸುಸ್ತಾಯಿತು, ನಾಳೆ ನೋಡೋಣ’ ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಪಾಪ, ಬೆರಳಿಗೆ ಸಿಕ್ಕಿದ್ದನ್ನು ಒತ್ತುತ್ತಾನೆ.

ಮೊದಲ ಮೂರು ದಿನ ‘ಬುಕ್ ಆಗಿದೆ’ ಅಂತಿತ್ತು.

ಚೀಟಿ ಪ್ರಿಂಟ್ ಆಗಿತ್ತು. ಜಾಡಿ ಚಿಕ್ಕಮ್ಮನ ಅಡುಗೆಮನೆಯಲ್ಲೇ ಇತ್ತು. ಜಾತಕ ಬರೆದ ಮಾತ್ರಕ್ಕೆ ಮದುವೆಯಾಗುತ್ತದೆಯೇ?

ಆಮೇಲೆ ಎರಡು ದಿನ ಬೆಂಗಳೂರಲ್ಲೇ ಠಿಕಾಣಿ?

ಕೊನೆಯ ಸ್ಕ್ಯಾನ್ ಅಲ್ಲಾಯಿತು, ಅಷ್ಟೆ. ಮೂಟೆ ಕಟ್ಟಿ ಸೀಲ್ ಹಾಕಿದ ಮೇಲೆ ಮೂಟೆಯ ಬಾರ್‌ಕೋಡಿಗಷ್ಟೇ ಬೆಲೆ, ಒಳಗಿನ ಡಬ್ಬಿಗಳನ್ನು ಯಾರೂ ವಿಚಾರಿಸುವುದಿಲ್ಲ. ಲಾರಿ ಕೃಷ್ಣಗಿರಿ, ವೆಲ್ಲೂರು ದಾಟಿದರೂ ನಾನು ಬೆಂಗಳೂರು ಅಂತಲೇ ಹೇಳುತ್ತಿರುತ್ತೇನೆ. ಡಬ್ಬಿ ಎಲ್ಲಿದೆಯೋ ನನಗೇನು ಗೊತ್ತು? ಕೊನೇ ಸಲ ಯಾರ ಕೈಯಲ್ಲಿ ‘ಬೀಪ್’ ಅಂದಿತು, ಅಷ್ಟು ಗೊತ್ತು.

ಏಳನೇ ದಿನ ‘ವಿಳಾಸ ಸರಿಯಿಲ್ಲ’. ಅದೂ ಬೆರಳಿನ ಆಟವೇ?

ಅಲ್ಲ, ಅದು ನಿಜ! ನಿಮ್ಮ ಬಡಾವಣೆಯನ್ನು ಒಬ್ಬರು ಪುರಸೈವಾಕ್ಕಂ ಅಂತ ಬರೆಯುತ್ತಾರೆ, ಇನ್ನೊಬ್ಬರು ಪುರಸವಾಲ್ಕಂ, ಮತ್ತೊಬ್ಬರು ಪುರಸವಾಕ್ಕಂ. ಪುರಸು ಅಂದರೆ ನಿಮ್ಮ ಮುತ್ತುಗ, ಇಲ್ಲಿನ ಗಂಗಾಧರೇಶ್ವರ ಗುಡಿಯ ಸ್ಥಳವೃಕ್ಷ. ಮರ ಒಂದೇ, ಕಂಪ್ಯೂಟರಿಗೆ ಊರು ಮೂರು. 1972ರ ಆಗಸ್ಟ್ 15ರಂದು ಅಂಚೆಯವರು ಪಿನ್‌ಕೋಡ್ ತಂದದ್ದು ಇಂಥ ಗೋಜಲು ಬಿಡಿಸಲಿಕ್ಕೇ. ಆದರೆ ಚಿಕ್ಕಮ್ಮ 600084ರ ಎಂಟಿನ ಬದಲು ಮೂರು ಒತ್ತಿದರು. ಉಪ್ಪಿನಕಾಯಿ ನುಂಗಂಬಾಕ್ಕಂ ನೋಡಿಕೊಂಡು ಬಂತು.

(ಚಿಕ್ಕಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.)

ಅಷ್ಟರಲ್ಲಿ ಸ್ಟೇಟಸ್ಸಿನ ಮುಖ ಹಸಿರಾಯಿತು: ‘ಡೆಲಿವರ್ಡ್. ಪಡೆದವರು: ಸೆಲ್ಫ್.’

ಸೆಲ್ಫ್ ಅಂದರೆ ನಾನೇ. ನಾನು ಇಲ್ಲೇ ಇದ್ದೇನೆ, ಡಬ್ಬಿ ಎಲ್ಲಿ?

ಬೀಪ್ ಅಂತೂ ಆಯಿತು ಸಾರ್.

ಮೆಟ್ಟಿಲಿಳಿದು ಓಡಿದೆ. ಕೆಳಗೆ ಇಸ್ತ್ರಿ ಗಾಡಿಯ ಮೇಲೆ, ನನ್ನ ಬಿಳಿ ಅಂಗಿಗಳ ಅಟ್ಟಿಯ ನೆತ್ತಿಯಲ್ಲಿ ಡಬ್ಬಿ ಕೂತಿತ್ತು. ಮೂಲೆಯಿಂದ ಕೆಂಪು ರಸ ಜಿನುಗಿ ಆಗಲೇ ಮೂರನೇ ಅಂಗಿಗೆ ಇಳಿದಿತ್ತು.