ಕೀಂಯ್ ಅಲ್ಲ, ಕಿಚಕಿಚ!

ಮಿಶಿಗನ್ ರಾಜ್ಯದ ಟ್ರಾಯ್ ಊರಿನ ಒಂದು ಕನ್ನಡ ಮನೆ. ಯುಗಾದಿಗೆ ಇನ್ನು ಎರಡು ವಾರ ಇದ್ದಾಗ ಮನೆಯ ಯಜಮಾನ ಕಾರಿನ ಬಾನೆಟ್ ಎತ್ತಿ, ಎರಡು ಬೆಲ್ಟು ತಾನೇ ಬದಲಾಯಿಸಿದ. ಎರಡಕ್ಕೂ ಸೇರಿ 40 ಡಾಲರ್. ಗ್ಯಾರೇಜಿನವರು ಕೇಳಿದ್ದು 200. ಉಳಿದ 160 ಡಾಲರಿನ ಲೆಕ್ಕ ಅವತ್ತಿನ ಊಟದಲ್ಲಿ ಸಾರಿಗೊಮ್ಮೆ, ಮಜ್ಜಿಗೆಗೊಮ್ಮೆ ಬಂದು ಹೋಯಿತು. ಸೋಮವಾರ ಬೆಳಗ್ಗೆ ಏಳಕ್ಕೆ ಕಾರು ಸ್ಟಾರ್ಟ್ ಮಾಡಿದ್ದೇ ತಡ, ಎದುರು ಮನೆಯ ನಾಯಿ ಎದ್ದು ಕೂತಿತು.

ಕಾರು ಜಪಾನಿನದು, ವಯಸ್ಸು ಇಪ್ಪತ್ತರ ಮೇಲೆ. ಇಂಡಿಯಾಕ್ಕೆ ವಾಪಸು ಹೊರಟ ಸ್ನೇಹಿತರೊಬ್ಬರು ಕುಕ್ಕರು, ಮಿಕ್ಸಿಯ ಜೊತೆಗೆ ದಾಟಿಸಿ ಹೋದ ಗಾಡಿ. ಈಗಿನ ಬಹುಪಾಲು ಎಂಜಿನ್ನುಗಳಲ್ಲಿ ಹಾವಿನ ಹಾಗೆ ಎಲ್ಲ ಪುಲ್ಲಿಗಳನ್ನೂ ಸುತ್ತಿ ಬರುವ ಒಂದೇ ಉದ್ದನೆಯ ಬೆಲ್ಟು ಇರುತ್ತದೆ. ಅದನ್ನು ಬಿಗಿಯಾಗಿ ಹಿಡಿದಿಡಲು ಸ್ಪ್ರಿಂಗಿನ ಟೆನ್ಷನರ್ ಇರುತ್ತದೆ. ಇದರಲ್ಲಿ ಆ ಸುಖವಿಲ್ಲ. ಆಲ್ಟರ್ನೇಟರು ಮತ್ತು ಎಸಿಗೆ ಒಂದು ಬೆಲ್ಟು, ಪವರ್ ಸ್ಟೀರಿಂಗಿಗೆ ಇನ್ನೊಂದು. ಎಷ್ಟು ಬಿಗಿ ಇರಬೇಕೆಂಬುದನ್ನು ಬೋಲ್ಟು ತಿರುಗಿಸಿ ಮನುಷ್ಯನೇ ತೀರ್ಮಾನಿಸಬೇಕು. ಇಲ್ಲಿ ಮನುಷ್ಯ ಅಂದರೆ ಡೇಟಾಬೇಸ್ ನೋಡಿಕೊಳ್ಳುವ ಕೆಲಸದವನು.

ಸಂಜೆಗೆ ಜಗಳ ಶುರುವಾಯಿತು. ಜಗಳ ಬೆಲ್ಟಿನದಲ್ಲ, ಸದ್ದಿನದು.

"ಬೆಳಗ್ಗೆ ಕೀಂಯ್ ಅಂತ ಕಿರುಚುತ್ತೆ. ಅರ್ಧ ನಿಮಿಷ. ಆಮೇಲೆ ಸುಮ್ಮನಾಗುತ್ತೆ" ಎಂದ ಗಂಡ.

"ಕೀಂಯ್ ಎಲ್ಲಿಂದ ಬಂತು ರೀ? ಕಿಚ್ ಕಿಚ್ ಕಿಚ್ ಅಂತ ಗುಬ್ಬಚ್ಚಿ ಹಾಗೆ ಅನ್ನುತ್ತೆ. ಸುಮ್ಮನಾಗೋದೇ ಇಲ್ಲ" ಎಂದಳು ಹೆಂಡತಿ. ಅವಳಿಗೆ ಕಾರು ಸಿಗುವುದು ಮಧ್ಯಾಹ್ನ ಮೂರಕ್ಕೆ, ಮಗಳನ್ನು ಕರೆತರಲು. ಸ್ಕೂಲಿನ ಮುಂದಿನ ಸಾಲಿನಲ್ಲಿ ಎಂಜಿನ್ ಆರಿಸದೆ ಇಪ್ಪತ್ತು ನಿಮಿಷ ಕಾಯುವವಳು ಅವಳು.

ಮೂರನೆಯ ಕಿವಿ ಅರಸೀಕೆರೆಯಿಂದ ಬಂದದ್ದು. ಆರು ತಿಂಗಳಿಗೆಂದು ಬಂದಿದ್ದ ಅವಳ ಮಾವ ಊರಿನಲ್ಲಿ ಮೂವತ್ತು ವರ್ಷ ರಾಗಿ ಮಿಲ್ಲು ನಡೆಸಿದವರು. ಬೆಲ್ಟು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಟಿವಿ ಆರಿಸಿ ಎದ್ದರು. "ಬೆಲ್ಟು ಜಾರ್ತಿದೆ ಕಣೋ. ಒಂದು ಹಿಡಿ ರಾಳದ ಪುಡಿ ಹಾಕು, ಕಚ್ಕೊಳ್ಳುತ್ತೆ." ಮಿಲ್ಲಿನ ಅಗಲ ಪಟ್ಟಿಗೆ ಅದು ಹಳೆಯ ಮದ್ದೇ. ಇಂಡಿಯನ್ ಅಂಗಡಿಯಲ್ಲಿ ಹುಡುಕಿದ್ದಾಯಿತು. ಸಾಂಬ್ರಾಣಿ ಸಿಕ್ಕಿತು, ರಾಳ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು. ಕಾರಿನ ಬೆಲ್ಟಿಗೆ ಒಳಮೈಯಲ್ಲಿ ಉದ್ದುದ್ದ ಏಣುಗಳಿರುತ್ತವೆ. ಅಂಟು ಹಾಕಿದರೆ ಧೂಳು ಅಲ್ಲೇ ಮನೆ ಮಾಡುತ್ತದೆ. ಡಬ್ಬಿಯಲ್ಲಿ ಸಿಗುವ ಬೆಲ್ಟ್ ಸ್ಪ್ರೇಗಳದೂ ಇದೇ ಕಥೆ. ನಾಲ್ಕು ದಿನ ಬಾಯಿ ಮುಚ್ಚಿಸುತ್ತವೆ, ರೋಗ ಹಾಗೇ ಇರುತ್ತದೆ.

ಯುಗಾದಿ ಬಂತು. ದೇವಸ್ಥಾನದ ಪಾರ್ಕಿಂಗಿನಲ್ಲಿ ಕಾರು ಕಿಚಗುಟ್ಟುತ್ತಾ ನಿಂತಾಗ ಸುತ್ತ ಏಳೆಂಟು ಜನ ಕನ್ನಡಿಗರು ಸೇರಿದರು. ಡೆಟ್ರಾಯ್ಟ್ ಸೀಮೆಯ ಮಹಿಮೆ ಗೊತ್ತಿರುವುದೇ: ಕಲ್ಲೆಸೆದರೆ ಅದು ಆಟೊಮೊಬೈಲ್ ಎಂಜಿನಿಯರನ ಕಾರಿಗೇ ಬೀಳುತ್ತದೆ. ಒಬ್ಬರು ಬ್ರೇಕಿನ ವಿಭಾಗ, ಇನ್ನೊಬ್ಬರು ಸೀಟಿನ ಫೋಮು. ಮೂರನೆಯವರು, "ನಂದು ಬೆಲ್ಟೇ ಸ್ವಾಮಿ, ಆದ್ರೆ ಸೀಟ್ ಬೆಲ್ಟು" ಎಂದು ಕೈ ಮುಗಿದರು. ನಾಲ್ಕನೆಯವರದು ಎನ್‌ವಿಎಚ್, ಅಂದರೆ ಕಾರಿನ ಸದ್ದು, ಅದುರು, ಒರಟುತನಗಳನ್ನು ಅಳೆಯುವುದೇ ಕಸುಬು. ಎಲ್ಲರೂ ಅವರ ಮುಖ ನೋಡಿದರು. ಅವರು ಎರಡು ನಿಮಿಷ ಕಿವಿಗೊಟ್ಟು, "ಡೇಟಾ ಬೇಕಾಗುತ್ತೆ" ಎಂದು ಒಳಗೆ ಹೋಗಿ ಪುಳಿಯೋಗರೆಯ ಸಾಲಿನಲ್ಲಿ ನಿಂತರು. ಪ್ರಸಾದದ ಸಾಲಿಗೆ ಡೇಟಾ ಬೇಕಾಗಲಿಲ್ಲ.

ಕೊನೆಗೆ ಗಂಡ, 160 ಡಾಲರಿನ ಮಾನ ನುಂಗಿಕೊಂಡು, ಗ್ಯಾರೇಜಿಗೆ ಫೋನು ಮಾಡಿದ. ಎತ್ತಿಕೊಂಡ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ: ಸ್ಕ್ವೀಲೋ, ಚರ್ಪೋ? ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಸಂಬಳ ತೆಗೆದುಕೊಳ್ಳುವವನು ಬೆಬ್ಬೆಬ್ಬೆ ಎಂದ. ಹೆಂಡತಿ ಸ್ಪೀಕರ್ ಒತ್ತಿ, "ಕಿಚ್ ಕಿಚ್ ಕಿಚ್" ಎಂದಳು. ಗಂಡ ಮೇಲಿನಿಂದ "ಕೀಂಯ್" ಎಂದು ಎಳೆದ. ಹಿಂದೆ ಸೋಫಾದಿಂದ ಮಾವ ತಮ್ಮ ಮಿಲ್ಲಿನ ಸದ್ದನ್ನೂ ಸೇರಿಸಿದರು. ಆ ಕಡೆ ಸ್ವಲ್ಪ ಹೊತ್ತು ಮೌನ.

ಆಮೇಲೆ ಆಕೆ ಹೇಳಿದ್ದು ಅಪ್ಪಟ ಬುದ್ಧಿಯ ಮಾತು. ಇಬ್ಬರದೂ ಸುಳ್ಳಿರಲಾರದು, ಎರಡು ಸದ್ದು ಇರಬಹುದು. ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಏಣಿರುವ ಮಗ್ಗುಲಿಗೆ ಚೂರು ನೀರು ಚಿಮುಕಿಸಿ. ಸದ್ದು ನಿಂತು, ಮತ್ತೆ ಬಂದರೆ ಬೆಲ್ಟು ನೇರ ಕೂತಿಲ್ಲ. ನೀರು ಬಿದ್ದು ಸದ್ದು ಜೋರಾದರೆ ಬೆಲ್ಟು ಸಡಿಲ, ಜಾರುತ್ತಿದೆ.

ದೋಸೆ ಹೆಂಚಿಗೆ ನೀರು ಹೊಡೆಯುವ ಬಾಟ್ಲಿ ಹಿಡಿದು ಸೊಸೆಯೇ ಹೊರಟಳು. "ಸೆರಗು ಹುಷಾರು ಕಣಮ್ಮ, ಮಿಲ್ಲಲ್ಲಿ ಪಂಚೆ ಎಳ್ಕೊಂಡಿದ್ದು ನಾನು ನೋಡಿದೀನಿ" ಎಂದು ಕೂಗಿದರು ಮಾವ. ಅದೊಂದು ಮಾತಿನಲ್ಲಿ ತಮಾಷೆಯಿಲ್ಲ. ತಿರುಗುವ ಬೆಲ್ಟಿನ ಹತ್ತಿರ ವೇಲು, ತೋಳು, ಜಡೆ ಯಾವುದೂ ಸಲ್ಲದು. ಅವಳು ಸೆರಗು ಬಿಗಿದು, ದೂರದಿಂದಲೇ ಪವರ್ ಸ್ಟೀರಿಂಗ್ ಬೆಲ್ಟಿಗೆ ಎರಡು ಸಲ ಹೊಡೆದಳು. ಗುಬ್ಬಚ್ಚಿ ಬಾಯಿ ಮುಚ್ಚಿತು. ನೀರು ಆರುತ್ತಿದ್ದ ಹಾಗೆ ಮತ್ತೆ ಕಿಚ್ ಕಿಚ್.

ಎಂಜಿನ್ ಆರಿಸಿ ಟಾರ್ಚು ಬಿಟ್ಟು ನೋಡಿದರೆ ಸಾಕ್ಷಿ ಅಲ್ಲೇ ಇತ್ತು. ಬೆಲ್ಟಿನ ಏಣು ಪುಲ್ಲಿಯ ತೋಡಿನಲ್ಲಿ ಕೂರಬೇಕು. ಯಜಮಾನ ಒಂದು ತೋಡು ಆಚೆಗೆ ಕೂರಿಸಿದ್ದ. ಅಂಚಿನ ಒಂದು ಏಣು ಪುಲ್ಲಿಯ ಹೊರಗೆ, ಕಟ್ಟೆಯಿಂದ ಕಾಲು ಇಳಿಬಿಟ್ಟು ಕೂತವರ ಹಾಗೆ, ನೇತಾಡುತ್ತಿತ್ತು. ಅಂಗಿಯ ಗುಂಡಿ ಒಂದು ಕಾಜಾ ತಪ್ಪಿ ಹಾಕಿಕೊಂಡು ಹೊರಟ ಹುಡುಗನ ಕೆಲಸ ಅದು. ಹೆಂಡತಿ ಏನೂ ಅನ್ನಲಿಲ್ಲ. ಬಾಟ್ಲಿಯನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು.

ಇನ್ನು ಕೀಂಯ್. ಅದು ಬಿಸಿ ಎಂಜಿನ್ನಿಗೆ ಬರುವ ಸದ್ದಲ್ಲವಾದ್ದರಿಂದ ಮರುದಿನ ಬೆಳಗ್ಗೆ ಏಳಕ್ಕೇ ಹಿಡಿಯಬೇಕಾಯಿತು. ಚಳಿಯಲ್ಲಿ ರಾತ್ರಿಯೆಲ್ಲ ನಿಂತ ಕಾರು. ಸ್ಟಾರ್ಟ್ ಮಾಡಲು ಬ್ಯಾಟರಿ ಕೊಟ್ಟದ್ದನ್ನು ಆಲ್ಟರ್ನೇಟರು ತುಂಬಿಕೊಡಬೇಕು, ಮೇಲೆ ಹೆಡ್‌ಲೈಟು, ಹಿಂದಿನ ಗಾಜಿನ ಹಬೆ ಬಿಡಿಸುವ ಹೀಟರು. ಆ ಭಾರಕ್ಕೆ ಸಡಿಲ ಬೆಲ್ಟು ಪುಲ್ಲಿಯ ಮೇಲೆ ಜಾರಿ ಕಿರುಚುತ್ತದೆ. ಬ್ಯಾಟರಿ ಸ್ವಲ್ಪ ತುಂಬಿದ ಮೇಲೆ ಸುಮ್ಮನಾಗುತ್ತದೆ. ಗಂಡ ನೀರು ಹೊಡೆದ. ಎದುರು ಮನೆಯ ನಾಯಿ ಈ ಸಲ ಬೊಗಳಿತು.

"ಹೊಸ ಬೆಲ್ಟು ಹೊಸ ಚಪ್ಪಲಿ ಇದ್ದಂಗೆ. ಒಂದು ಸುತ್ತು ಓಡಿದ್ ಮೇಲೆ ಸಡಿಲ ಆಗುತ್ತೆ, ಮತ್ತೆ ಬಿಗೀಬೇಕು. ನಾನು ಮೊದಲೇ ಹೇಳಿರಲಿಲ್ವಾ, ಜಾರ್ತಿದೆ ಅಂತ?" ಎಂದರು ಮಾವ. ಹೇಳಿದ್ದು ನಿಜ. ಮಗ ಸೇಡಿಗೆ ಬಿದ್ದವನಂತೆ ಬೋಲ್ಟು ತಿರುಗಿಸತೊಡಗಿದಾಗ ತಡೆದವರೂ ಅವರೇ: "ಸಾಕು ನಿಲ್ಲಿಸೋ, ಬೇರಿಂಗು ಹೋಗುತ್ತೆ." ಅತಿಯಾಗಿ ಬಿಗಿದ ಬೆಲ್ಟು ಕಿರುಚುವುದಿಲ್ಲ, ಆಲ್ಟರ್ನೇಟರಿನ ಬೇರಿಂಗನ್ನು ತಿನ್ನುತ್ತದೆ, ಆಮೇಲೆ ಕೇಳಿಸುವ ಗೊರಗೊರ ಸದ್ದಿಗೆ ದೋಸೆ ಬಾಟ್ಲಿ ಸಾಲದು.

ಹಳೆಯ ಬೆಲ್ಟುಗಳನ್ನು ಮಾವ ಕಸಕ್ಕೆ ಹಾಕಗೊಡಲಿಲ್ಲ. ಮಡಿಸಿ, ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. ಒಂದು ಬಿರುಕಿಲ್ಲ. ಹಿಂದಿನ ನಿಯೋಪ್ರೀನ್ ಬೆಲ್ಟು ಬಿರುಕು ಬಿಟ್ಟು ವಯಸ್ಸು ಹೇಳುತ್ತಿತ್ತು, ಈಗಿನ ಇಪಿಡಿಎಂ ರಬ್ಬರು ಬಿರುಕು ಬಿಡದೆ ಟೈರಿನ ಹಾಗೆ ಏಣು ಸವೆಯುತ್ತದೆ ಎಂದು ಮಗ ಹತ್ತು ನಿಮಿಷ ವಿವರಿಸಿದ. ಅವರು ಪೂರ್ತಿ ಕೇಳಿಸಿಕೊಂಡು, "ಮಾವಿನ ಗಿಡಕ್ಕೆ ಕಟ್ಟೋಕೆ ಬರುತ್ತೆ" ಎಂದರು.

ಸೆಪ್ಟೆಂಬರಿನಲ್ಲಿ ಅವರು ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸು 23 ಕಿಲೋ ದಾಟಿತು. ಮೊಮ್ಮಗಳು ಆರಿಸಿದ್ದ ಎರಡು ಪೊಟ್ಟಣ ಚಾಕೊಲೇಟು ಹೊರಗೆ ಬಂತು. ಬೆಲ್ಟುಗಳು ಅರಸೀಕೆರೆ ಸೇರಿದವು.