ಕೀಬೋರ್ಡಿಗೂ ಬಂತು ವೈರಾಗ್ಯ

ಮೆಕ್ಯಾನಿಕಲ್ ಕೀಬೋರ್ಡನ್ನು ತಾನೇ ಜೋಡಿಸಿಕೊಳ್ಳುತ್ತೇನೆಂದು ಹೊರಟವನಿಗೆ ಮೊದಲು ಹತ್ತುವುದು ಕೀಗಳ ಮೇಲಿನ ವೈರಾಗ್ಯ. ನಿನ್ನೆಯವರೆಗೆ 104 ಕೀ ಇಟ್ಟುಕೊಂಡು ಸುಖವಾಗಿದ್ದ ಆಸಾಮಿ ಇವತ್ತು "ನಂಬರ್ ಪ್ಯಾಡ್ ಯಾಕ್ರೀ ಬೇಕು?" ಅನ್ನುತ್ತಾನೆ. ಅದು ಹೋದರೆ 87 ಕೀಯ ಟಿಕೆಎಲ್. ನಾಳೆ ಎಫ್ ಸಾಲೂ ಹೋಗಿ ಬಾಣದ ಕೀಗಳಷ್ಟೇ ಉಳಿದರೆ ಸಿಕ್ಸ್‌ಟಿಫೈವ್. ನಾಡಿದ್ದು ಬಾಣಗಳನ್ನೂ ತೊರೆದರೆ 61 ಕೀಯ ಸಿಕ್ಸ್‌ಟಿ. ಪರಮಹಂಸರಾದವರಿಗೆ 47 ಕೀಯ ಪ್ಲ್ಯಾಂಕ್ ಇದೆ. ಅದರಲ್ಲಿ ಅಂಕಿಗಳ ಸಾಲೇ ಇಲ್ಲ!

"ಎಲ್ಲಾ ಲೇಯರ್‌ನಲ್ಲಿದೆ ಸಾರ್" ಅನ್ನುತ್ತಾರೆ. ನಿಜ, ಕ್ಯೂಎಂಕೆ ಫರ್ಮ್‌ವೇರ್ ಹಾಕಿದರೆ ಒಂದು ಕೀ ಒತ್ತಿ ಹಿಡಿದಾಗ ಮಿಕ್ಕವುಗಳ ಕೆಲಸವೇ ಬೇರೆ. ಆದರೆ ಇನ್‌ಸ್ಕ್ರಿಪ್ಟ್‌ನಲ್ಲಿ ಕನ್ನಡ ಕುಟ್ಟುವವರನ್ನು ಪ್ಲ್ಯಾಂಕ್ ಮುಂದೆ ಕೂರಿಸಿ ನೋಡಿ. ಅವರ 'ಡ' ಇರುವುದು ಪಿ ಪಕ್ಕದ ಚೌಕಾವರಣದ ಕೀಯಲ್ಲಿ. ಪ್ಲ್ಯಾಂಕಿನಲ್ಲಿ ಪಿ ಪಕ್ಕ ಕೂತಿರುವುದು ಬ್ಯಾಕ್‌ಸ್ಪೇಸ್. 'ಗಡಿಬಿಡಿ' ಎಂದು ಬರೆಯಹೊರಟರೆ ಮೊದಲು ಬರೆದ 'ಗ'ವೂ ಅಳಿಸಿಹೋಗುತ್ತದೆ. ಕೆ.ಪಿ. ರಾವ್ ವಿನ್ಯಾಸದವರು ಬಚಾವ್. ಅವರ 'ಡ' ಡಬ್ಲ್ಯೂನಲ್ಲಿದೆ.

ಇನ್ನು ಕೀಕ್ಯಾಪ್ ಕಥೆ. ಸಿಕ್ಸ್‌ಟಿಫೈವ್‌ನಲ್ಲಿ ಮೇಲ್ಬಾಣಕ್ಕೆ ಜಾಗ ಬಿಟ್ಟುಕೊಡಲು ಬಲಗಡೆಯ ಶಿಫ್ಟ್ 2.75 ಯೂನಿಟ್‌ನಿಂದ 1.75ಕ್ಕೆ ಕುಗ್ಗಿರುತ್ತದೆ. ಒಂದು ಯೂನಿಟ್ ಅಂದರೆ 19.05 ಮಿಲಿಮೀಟರ್. ಬಣ್ಣ ನೋಡಿ ಮರುಳಾಗಿ ಅಗ್ಗದ ಸೆಟ್ ತಂದಿರೋ, ಅದರಲ್ಲಿ ಎಷ್ಟೋ ಸಲ ಉದ್ದದ ಶಿಫ್ಟ್ ಮಾತ್ರ ಇರುತ್ತದೆ. ಕೂರಿಸಹೋದರೆ ಬಾಣದ ಜಾಗವನ್ನೂ ನುಂಗಿಬಿಡುತ್ತದೆ. ಲೇಔಟ್ ಆರಿಸುವ ಮೊದಲೇ ಕ್ಯಾಪಿನ ಅಳತೆ ನೋಡಿ.

ವೈರಾಗ್ಯದ ಪರೀಕ್ಷೆಗೆ ಖರ್ಚಿಲ್ಲ. ಹಳೇ ಕೀಬೋರ್ಡಿನ ನಂಬರ್ ಪ್ಯಾಡಿನ ಮೇಲೆ ಒಂದು ವಾರ ಪೇಪರ್ ಅಂಟಿಸಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಾದರೆ ಮಧ್ಯಾಹ್ನದೊಳಗೆ ಕಿತ್ತೆಸೆಯುತ್ತೀರಿ. ನಿಮಗೆ 104 ಕೀಯೇ ಸರಿ, ನಾಚಿಕೆಪಡಬೇಡಿ. ಕಿತ್ತೆಸೆಯದವರು ಎಫ್ ಸಾಲಿನ ಮೇಲೂ ಅಂಟಿಸಲಿ. ಎಕ್ಸೆಲ್‌ನ ಎಫ್2, ಡಿಬಗ್ ಮಾಡುವ ಎಫ್10 ನೆನಪಾಗಿ ಕೈ ಚಡಪಡಿಸಿದರೆ ಆ ಸಾಲನ್ನು ಉಳಿಸಿಕೊಂಡ ಸೆವೆಂಟಿಫೈವ್, ಇಲ್ಲದಿದ್ದರೆ ಸಿಕ್ಸ್‌ಟಿಫೈವ್. ಮೊದಲ ಸಲಕ್ಕೆ ಅದಕ್ಕಿಂತ ಕೆಳಗೆ ಇಳಿಯಬೇಡಿ.

ಇಷ್ಟು ಹೇಳಿದ ಮೇಲೂ ಫೋಟೋದಲ್ಲಿ ಚೆಂದ ಕಾಣುತ್ತದೆಂದು 61 ಕೀಯದನ್ನೇ ತರಿಸುತ್ತೀರಿ, ನನಗೆ ಗೊತ್ತು. ತರಿಸಿ. ಕರ್ಸರ್ ಒಂದಕ್ಷರ ಹಿಂದೆ ಹೋಗಬೇಕಾದಾಗ ಮೌಸ್ ಇದ್ದೇ ಇದೆಯಲ್ಲ!